ಮೊದಲು ಏಳುವವರು

ನಿನ್ನೆ ಸಂಜೆ ತುಮಕೂರಿನ ಬಟವಾಡಿಯಲ್ಲಿ ಮದುವೆ ಮೆರವಣಿಗೆಯೊಂದು ಸಿಟಿ ಬಸ್ಸಿಗೆ ಅಡ್ಡ ನಿಂತಿತ್ತು. ಬ್ಯಾಂಡ್‌ಸೆಟ್ಟಿನವನು ತುತ್ತೂರಿಯನ್ನು ಕಿವಿ ಹರಿಯುವಂತೆ ಊದಿದ. ಪಕ್ಕದವರು ಬೈದುಕೊಂಡರು. ನನಗೆ ಮಾತ್ರ ಸುಗುಣ ಸಿಸ್ಟರ್ ನೆನಪಾದರು. ಅವರ ನಂಬಿಕೆಯಲ್ಲಿ ಈ ಲೋಕ ಮುಗಿಯುವುದು ತುತ್ತೂರಿಯಿಂದಲೇ.

ಸಿಸ್ಟರ್ ಎಂದರೆ ಕ್ಲಿನಿಕ್ಕಿನ ನರ್ಸು, ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದವರು. ಹುಟ್ಟಾ ಕ್ರೈಸ್ತರು. ಗಂಡ ಶಿವಲಿಂಗಯ್ಯ ಗುಬ್ಬಿ ಕಡೆಯ ಲಿಂಗಾಯತರು. ಪ್ರೀತಿಸಿ ಮದುವೆಯಾದವರು. ಭಾನುವಾರ ಹೆಂಡತಿಯನ್ನು ಚರ್ಚಿನ ಬಾಗಿಲವರೆಗೂ ಬಿಟ್ಟು, ಹಣೆಯ ವಿಭೂತಿ ಸಮೇತ ಹೊರಗೆ ಸ್ಕೂಟರಿನ ಮೇಲೆ ಪೇಪರ್ ಓದುತ್ತಾ ಕೂರುತ್ತಿದ್ದರು. ಒಳಗೆ ಬನ್ನಿ ಎಂದು ಇವರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಶಿವಲಿಂಗಯ್ಯ ತೀರಿಕೊಂಡಾಗ ಊರಿನವರು ತಮ್ಮ ಪದ್ಧತಿಯಂತೆ ತೆಂಗಿನ ತೋಟದಲ್ಲಿ ಕೂರಿಸಿ ಮಣ್ಣು ಮಾಡಿದರು.

ಅದಾದ ಮೇಲೆ ಸಿಸ್ಟರ್ ಬೈಬಲಿನ ಕೊನೆಯ ಭಾಗ, ಲೋಕದ ಅಂತ್ಯದ ಪ್ರವಾದನೆ, ಹಿಡಿದು ಕೂತರು. ನನ್ನನ್ನೂ ಎಳೆದರು. "ನೀವು ಓದಿದೋರು, ಸ್ವಲ್ಪ ನೋಡಿ ಸಾರ್." ನಾನೋ, ಓದಿದವನೆಂದು ಯಾರಾದರೂ ಅಂದರೆ ಸಾಕು, ಉಬ್ಬಿಹೋಗುವ ಆಸಾಮಿ. ಕನ್ನಡಕ ಒರೆಸಿಕೊಂಡು, ಪಂಚಾಂಗ ಬಿಡಿಸುವವನ ಗತ್ತಿನಲ್ಲಿ ಶುರು ಮಾಡಿದೆ. ಮುದ್ರೆಗಳು, ಮೃಗಗಳು, ರಕ್ತವಾಗುವ ಚಂದ್ರ, ತಲೆಬುಡ ತಿಳಿಯಲಿಲ್ಲ. ಅವರ ದೇವರು ಏರಿ ಬರುವ ಬಿಳಿ ಕುದುರೆ ಸಿಕ್ಕಾಗ ಮಾತ್ರ ಸಮಾಧಾನವಾಯಿತು. ನಮ್ಮ ಕಲ್ಕಿ ಬರುವುದೂ ಅದರ ಮೇಲೇ ತಾನೇ? ಎರಡು ಕಡೆಯವರೂ ಕುಣಿಗಲ್ಲಿನ ಕುದುರೆ ಫಾರಂನಿಂದ ತರಿಸಿಕೊಳ್ಳಬಹುದು ಎಂದೆ. ನಾನು ಕುಣಿಗಲ್ಲಿನವನು, ಊರಿನ ಅಭಿಮಾನ. ಸಿಸ್ಟರ್ ನಕ್ಕರು. ನಗುತ್ತಲೇ, "ಯಾವಾಗ ಬರ್ತಾನೆ ಅಂತ ಅಲ್ಲ ಸಾರ್ ನಾನು ಕೇಳ್ತಿರೋದು. ಯಾರ್ಯಾರನ್ನ ಎಬ್ಬಿಸ್ತಾನೆ ಅಂತ" ಎಂದರು.

ಆಗ ನನ್ನ ಮಂಡೆಗೆ ಹೊಳೆಯಿತು. "ಸತ್ತೋರೆಲ್ಲ ಏಳ್ತಾರಂತಲ್ಲ ಸಿಸ್ಟರ್. ಯಜಮಾನ್ರೂ ಏಳ್ತಾರೆ ಬಿಡಿ. ಅವ್ರು ಕೂತೇ ಇದಾರೆ, ಎದ್ದು ನಿಂತ್ರೆ ಆಯ್ತು."

ಈ ಸಲ ಅವರು ನಗಲಿಲ್ಲ. "ಮುಂದೆ ಓದಿ."

ಓದಿದೆ. ನಂಬಿ ಸತ್ತವರು ಮೊದಲು ಏಳುತ್ತಾರೆ. ಮಿಕ್ಕವರು ಏಳುವುದು ಸಾವಿರ ವರ್ಷ ಕಳೆದ ಮೇಲೆ, ಅದೂ ತೀರ್ಪಿಗಾಗಿ. ನಂಬದವರಿಗೆ ಬೆಂಕಿಯ ಕೆರೆ. ಹಿಂದೆ ಮುಂದೆ ತಿರುವಿ ನೋಡಿದೆ, ಶಿವಲಿಂಗಯ್ಯನವರು ನುಸುಳುವಷ್ಟು ಸಂದಿ ಎಲ್ಲೂ ಸಿಗಲಿಲ್ಲ.

"ಪಾಸ್ಟರನ್ನ ಕೇಳಿದ್ರಾ?"

"ಕೇಳ್ದೆ. ಎಲ್ಲ ದೇವರಿಗೆ ಬಿಟ್ಟಿದ್ದು ಅಂದ್ರು. ನಾನು ನರ್ಸು ಸಾರ್. ಉಳಿಯಲ್ಲ ಅನ್ನೋ ಪೇಷೆಂಟ್ ಮನೆಯವರಿಗೆ ನಾವೂ ಹಂಗೇ ಹೇಳೋದು."

ಕಡೆಗೆ ಅವರಿಗೆ ಉಳಿದದ್ದು ಗಂಡನ ಪಕ್ಕದಲ್ಲಿ ಮಣ್ಣಾಗುವ ಆಸೆಯೊಂದೇ. ಸಿಸ್ಟರ್ ಕಿಡ್ನಿ ಕೈಕೊಟ್ಟ ವರ್ಷ ನಾನೇ ಗುಬ್ಬಿಗೆ ಹೋಗಿ ಅವರ ಮೈದುನನನ್ನು ಕೇಳಿದೆ. ಕೆಟ್ಟವನಲ್ಲ, ಎಳನೀರು ಕೊಚ್ಚಿ ಕೊಟ್ಟ. "ಅತ್ಗೆ ಒಳ್ಳೇವ್ರೇ ಸಾರ್. ಆದ್ರೆ ತೋಟದಾಗೆ ಶಿಲುಬೆ ನೆಟ್ರೆ ಊರೋರು ಸುಮ್ನಿರಲ್ಲ. ಬುಡಿ."

ಬಂದು ಹೇಳಿದೆ. ಸಿಸ್ಟರ್ ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿದರು. ಏನು ಕೇಳಿಕೊಂಡಿರಿ ಎಂದೆ.

"ಮೊದಲನೇ ಸಲ ನನ್ನ ಎಬ್ಬಿಸ್ಬೇಡಪ್ಪ ಅಂದೆ. ಅವ್ರ ಜೊತೆಗೇ ಏಳ್ತೀನಿ."

"ಅಲ್ಲಿ ಬೆಂಕಿ ಇದ್ಯಲ್ಲ ಸಿಸ್ಟರ್?"

"ಅವರೊಬ್ರೇ ಹೋಗ್ಬೇಕಾ ಸಾರ್?"

ತುಮಕೂರಿನ ಕ್ರೈಸ್ತ ಸ್ಮಶಾನದಲ್ಲಿ ಅವರನ್ನು ಮಲಗಿಸಿದೆವು. ನಂಬಿದವಳು ಮೊದಲು ಏಳುವಳು ಎಂದು ಪಾಸ್ಟರ್ ಭರವಸೆ ಕೊಟ್ಟರು. ಎಲ್ಲರೂ ಆಮೆನ್ ಅಂದರು. ನನಗೆ ಅವರ ಬಾಯಿ ಮುಚ್ಚಿಸಬೇಕೆನಿಸಿತು.

ಲೋಕದ ಅಂತ್ಯವೆಂದರೆ ಗೇಲಿ ಮಾಡುತ್ತಿದ್ದವನು ನಾನು. ಈಗ ಆಗುವುದಿಲ್ಲ. ಆ ಪ್ರವಾದನೆಯೆಲ್ಲ ಸುಳ್ಳಾದರೆ ಅವರಿಬ್ಬರೂ ಇನ್ನೆಂದೂ ಸೇರುವುದಿಲ್ಲ. ಅದೇ ನಿಜವಾಗಿ, ದೇವರು ತನ್ನ ಮಾತು ಉಳಿಸಿಕೊಂಡುಬಿಟ್ಟರೆ, ಸಿಸ್ಟರ್ ಒಬ್ಬರೇ ಏಳುತ್ತಾರೆ.