ಹೆಣ್ಣು ನೋಡಲು ಬಂದವನ ಪರ್ ಯೂನಿಟ್ ಲೆಕ್ಕ

ಅರವತ್ತರ ದಶಕದ ನಡುವಿನ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಎಲೆಕ್ಟ್ರಿಕಲ್ ತರಗತಿಗೆ ನಾನೊಬ್ಬಳೇ ಹುಡುಗಿ. ಮರುದಿನ ಪರೀಕ್ಷೆ ಇದ್ದರೂ ಅಮ್ಮ ಆ ಭಾನುವಾರವೇ ಗಂಡಿನವರನ್ನು ಕರೆಸಿದ್ದಳು. ಆ ಸಿಟ್ಟಿಗೆ ಉಪ್ಪಿಟ್ಟಿನ ತಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಹುಡುಗ ಸಬ್‌ಸ್ಟೇಷನ್ ಕಟ್ಟಿಸುವ ಕೆಲಸದಲ್ಲಿದ್ದ ಎಂಜಿನಿಯರ್. ಅವನ ತಾಯಿ, “ಒಂದು ಹಾಡು ಹೇಳಮ್ಮ” ಅಂದರು.

“ಹಾಡು ಬರಲ್ಲ. ನಾಳೆ ಪರೀಕ್ಷೆ ಇದೆ.”

ಅಮ್ಮನ ಮುಖ ಇಳಿಯಿತು. ಹುಡುಗ ತಟ್ಟೆ ಕೆಳಗಿಟ್ಟು, “ಯಾವ ಪೇಪರ್?” ಎಂದ.

“ಫಾಲ್ಟ್ ಅನಾಲಿಸಿಸ್. ಪರ್ ಯೂನಿಟ್ ಲೆಕ್ಕ ಇನ್ನೂ ತಲೆಗೆ ಹತ್ತಿಲ್ಲ.”

“ಅದು ಸುಲಭ. ತೋರಿಸ್ತೀನಿ” ಎಂದವನೇ ಹೊಸ್ತಿಲ ಬಳಿಯ ರಂಗೋಲಿ ಬಟ್ಟಲು ತಂದು, ಪ್ಯಾಂಟಿನ ಇಸ್ತ್ರಿಯನ್ನೂ ಲೆಕ್ಕಿಸದೆ ನಡುಮನೆಯ ಕೆಂಪು ನೆಲದ ಮೇಲೆ ಕೂತುಬಿಟ್ಟ. ಒಂದು ಜನರೇಟರ್ ಬರೆದ, ಮುಂದೊಂದು ಟ್ರಾನ್ಸ್‌ಫಾರ್ಮರ್, ಅದರಾಚೆ ಒಂದು ಗುಣಿಸು ಗುರುತು. “ಇಲ್ಲಿ ಶಾರ್ಟ್ ಆಯ್ತು ಅನ್ಕೊಳಿ. ಎಷ್ಟು ಕರೆಂಟು ನುಗ್ಗುತ್ತೆ? ಇವೆರಡೂ ಅದಕ್ಕೆ ಒಡ್ಡೋ ತಡೆಯ ಅಳತೆ ಬೇರೆ ಬೇರೆ, ಹಾಗೇ ಕೂಡಿಸಕ್ಕಾಗಲ್ಲ. ಒಂದನ್ನ ಬೇಸ್ ಅಂತ ಹಿಡ್ಕೊಂಡು, ಎಲ್ಲಾನೂ ಅದರ ಎಷ್ಟು ಪಾಲು ಅಂತ ಬರ್ದುಬಿಡಿ. ಆಮೇಲೆ ಬರೀ ಕೂಡೋದು, ಭಾಗಿಸೋದು.”

ವಾರಗಟ್ಟಲೆ ಮಸುಕಾಗಿದ್ದದ್ದು ಒಮ್ಮೆಲೇ ತಿಳಿಯಾಯಿತು. ನಾನೂ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತೆ. ಅವನು ಜನರೇಟರಿಗೆ ಪಾಯಿಂಟ್ ಎರಡು, ಟ್ರಾನ್ಸ್‌ಫಾರ್ಮರಿಗೆ ಪಾಯಿಂಟ್ ಒಂದು ಎಂದು ಬರೆದು ಕೂಡಿಸಿದ. “ಪಾಯಿಂಟ್ ಮೂರು. ಒಂದನ್ನ ಇದರಿಂದ ಭಾಗಿಸಿದ್ರೆ, ಮಾಮೂಲಿನ ಮೂರು ಪಟ್ಟಿಗಿಂತ ಜಾಸ್ತಿ ಕರೆಂಟು.”

“ಟ್ರಾನ್ಸ್‌ಫಾರ್ಮರ್ ಎಷ್ಟು ಸಾಮರ್ಥ್ಯದ್ದು?”

“ಐದು ಸಾವಿರ ಕೆವಿಎ.”

“ಬೇಸು?”

“ಹತ್ತು ಸಾ...” ಎನ್ನುತ್ತ ಅವನು ತಾನು ಬರೆದದ್ದನ್ನೇ ಮತ್ತೆ ನೋಡಿದ.

“ಬೇಸು ಅದರ ಎರಡರಷ್ಟು. ಹಾಗಾದ್ರೆ ಆ ಪಾಯಿಂಟ್ ಒಂದನ್ನ ಪಾಯಿಂಟ್ ಎರಡು ಮಾಡ್ಬೇಕಲ್ವಾ?”

ಅವನು ಕಿವಿ ಕೆಂಪಾಗಿಸಿಕೊಂಡು ಅಂಗೈಯಿಂದ ಅಳಿಸಿ, ತಿದ್ದಿ ಬರೆದ. ಒಟ್ಟು ಪಾಯಿಂಟ್ ನಾಲ್ಕು. “ಎರಡೂವರೆ ಪಟ್ಟು” ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಅದರಲ್ಲಿ ನಗುವಂಥದ್ದೇನಿತ್ತೋ, ಇಬ್ಬರಿಗೂ ತಡೆಯಲಾರದ ನಗು ಬಂತು.

ಬಾಗಿಲಲ್ಲಿ ನಿಂತಿದ್ದ ನಮ್ಮಜ್ಜಿ, “ಚುಕ್ಕೀನೇ ಇಲ್ದೆ ಇದೆಂಥಾ ರಂಗೋಲಿ?” ಎಂದಳು. ಈಗ ಅವನ ತಾಯಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅಮ್ಮ ಮಾತ್ರ, ಸಂಬಂಧ ಕೈತಪ್ಪಿತೆಂದು ಕಾಫಿ ಲೋಟಗಳನ್ನು ಒಳಗೆ ಸಾಗಿಸತೊಡಗಿದಳು.

ಮರುದಿನ ಪರೀಕ್ಷೆ ಬರೆದು ಯಡಿಯೂರು ಕೆರೆಯ ಪಕ್ಕ ನಡೆದು ಬರುವಾಗ ಒಬ್ಬಳೇ ನಗುತ್ತಿದ್ದೆ. ಎಮ್ಮೆ ತೊಳೆಯುತ್ತಿದ್ದವರೊಬ್ಬರು, “ಏನಕ್ಕ, ಇಷ್ಟೊಂದು ಖುಷಿ?” ಅಂದರು. “ಪೇಪರ್ ಸುಲಭ ಇತ್ತು” ಅಂದೆ. ನಿಜವಾಗಿ ಅದು ಕಷ್ಟದ್ದೇ ಆಗಿತ್ತು.

ಮನೆಯಲ್ಲಿ ಅಪ್ಪ ಪೇಪರ್ ಓದುತ್ತಾ, “ಗಂಡಿನ ಕಡೆಯವರು ಒಪ್ಪಿದಾರಂತೆ. ನೀನು ನಿಧಾನವಾಗಿ ಯೋಚ್ನೆ ಮಾಡಿ...” ಎನ್ನುತ್ತಿದ್ದರು.

“ಯೋಚ್ನೆ ಏನೂ ಬೇಡ, ಆಗ್ಲಿ” ಅಂದೆ.

ಅಪ್ಪ ಪೇಪರ್ ಕೆಳಗಿಳಿಸಿ, ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.