ವೈಕಿಂಗ್ ನಾಯಕನ ಮೊಳೆಗಳು

ದುಬೈನ ಗುಬೈಬಾ ಬಸ್ ನಿಲ್ದಾಣದಿಂದ ಅಬುಧಾಬಿಗೆ ಬಸ್ಸಿಗೆ ಇಪ್ಪತ್ತೈದು ದಿರ್ಹಮ್. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು ಎಂದು ಡೈರಿಯಲ್ಲಿದೆ; ನನ್ನ ನೆನಪು ಒಂಬತ್ತು ಎನ್ನುತ್ತದೆ. ಡೈರಿಯನ್ನೇ ನಂಬುತ್ತೇನೆ. ಜೊತೆಗಿದ್ದವರು ವಾಸು ಮಾವ, ಮಲ್ಪೆಯ ದೋಣಿ ಬಡಗಿ. ಮೂವತ್ತು ವರ್ಷ ಇಲ್ಲಿ ಮರದ ಹಡಗು ಕಟ್ಟಿದವರು. ಎರಡೇ ದಿನದಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವವರಿದ್ದರು.

"ಇಷ್ಟು ವರ್ಷ ಇದ್ದು ನನ್ನದು ಅಂತ ಇಲ್ಲಿ ಎಂತ ಉಳಿತು ಮಾರಾಯ?" ಎಂದರು.

ಎರಡು ಗಂಟೆಯ ದಾರಿ. ಹಮ್ದಾನ್ ಸ್ಟ್ರೀಟಿನಲ್ಲಿ ಚಹಾ ಕುಡಿದು ಉತ್ತರ ಯುರೋಪಿನ ಹಳೇ ಕಡಲಿಗರಾದ ವೈಕಿಂಗರ ಪ್ರದರ್ಶನಕ್ಕೆ ಹೋದೆವು. ಬಾಗಿಲಲ್ಲೇ ಮಾವ ಚಪ್ಪಲಿ ಬಿಟ್ಟರು.

"ಅಂಕಲ್, ಇದು ದೇವಸ್ಥಾನ ಅಲ್ಲ!" ಮಾಹಿತಿ ಹೇಳಲು ನಿಂತಿದ್ದ, ಉಡುಪಿ ಕಡೆಯ ಶಿರ್ವದ ಲವೀನಾ ನಕ್ಕರು.

"ಒಳಗೆ ದೋಣಿ ಉಂಟಲ್ಲ ಬಾಯಮ್ಮ!" ಎಂದರು ಮಾವ.

ಒಳಗಿನ ಕತ್ತಲೆಯಲ್ಲಿ ನೂರಾರು ತುಕ್ಕು ಹಿಡಿದ ಮೊಳೆಗಳನ್ನು ಸಣ್ಣ ದಾರಗಳಲ್ಲಿ ನೇತುಹಾಕಿದ್ದರು. ಮರವೇ ಇಲ್ಲದ ಒಂದು ಇಡೀ ದೋಣಿ ಗಾಳಿಯಲ್ಲಿ ನಿಂತಿತ್ತು.

ಲವೀನಾ ಹೇಳಿದರು: ಸಾವಿರ ವರ್ಷಕ್ಕೂ ಹಿಂದೆ ನಾಯಕನೊಬ್ಬ ನಾರ್ವೆಯಿಂದ ಪರದೇಶದ ದ್ವೀಪಕ್ಕೆ ಬಂದು, ನೆಲೆಸಿ, ಅಲ್ಲೇ ಸತ್ತ. ಅವನನ್ನು ದೋಣಿಯೊಳಗೇ ಹೂಳಿದರು. ಮರ ಮಣ್ಣಾಯಿತು, ಮೊಳೆಗಳಷ್ಟೇ ಉಳಿದವು. ಸಮಾಧಿಯಲ್ಲಿ ಅರಬ್ಬಿ ಬೆಳ್ಳಿಯ ದಿರ್ಹಮ್ ಸಿಕ್ಕಿದ್ದರಿಂದ ಪ್ರದರ್ಶನ ಇಲ್ಲಿಗೂ ಬಂತು. ದ್ವೀಪದವರು ಇಂದಿಗೂ ಅವನ ರೀತಿಯಲ್ಲೇ ದೋಣಿ ಕಟ್ಟುತ್ತಾರೆ.

"ಅವನ ಹೆಸರೆಂತ?"

"ಗೊತ್ತಿಲ್ಲ ಅಂಕಲ್."

ಮಾವ ದೋಣಿಯನ್ನು ಎರಡು ಸುತ್ತು ಬಂದು ಮುಂತುದಿಯಲ್ಲಿ ನಿಂತರು. "ಈ ಸಾಲು ಉಲ್ಟಾ ಉಂಟು. ಮೊಳೆಯ ತಲೆ ಹೊರಗೆ, ತುದಿ ಬಿಗಿಯುವ ಬಿಲ್ಲೆ ಒಳಗೆ ಬರಬೇಕು."

"ದೊಡ್ಡ ದೊಡ್ಡ ತಜ್ಞರು ಕಟ್ಟಿದ್ದು ಅಂಕಲ್!"

"ಅವರು ಓದಿದ್ದಾರೆ. ಸುತ್ತಿಗೆ ಹಿಡಿದಿದ್ದಾರಾ?"

ಲವೀನಾ ನಗುತ್ತಲೇ ಫೋನ್ ಮಾಡಿದರು. ಗಡ್ಡ ಬಿಟ್ಟ ಎತ್ತರದ ತಜ್ಞನೊಬ್ಬ ಉತ್ಖನನದ ನಕ್ಷೆ ಹಿಡಿದು ಬಂದ. ನಕ್ಷೆ ನೋಡಿದ, ಮೊಳೆ ನೋಡಿದ, ಮಾವನ ಕೈಗಳನ್ನು ನೋಡಿದ. ಆಮೇಲೆ ಕೈಗವಸು ತೊಟ್ಟು ಒಂದೊಂದೇ ಮೊಳೆಯನ್ನು ತಿರುಗಿಸಿದ. ಪ್ರತಿಯೊಂದಕ್ಕೂ ಮಾವ ತಲೆಯಾಡಿಸಿದರು. ಮೊಳೆ ಎಂಟೋ ಒಂಬತ್ತೋ, ಡೈರಿಯಲ್ಲೂ ಬರೆದಿಲ್ಲ.

ನಕ್ಷೆಯ ಅಂಚಿಗೆ ಪೆನ್ಸಿಲ್ ಹಿಡಿದು ಆತ ಹೆಸರು ಕೇಳಿದ. ನಾನು ಹೇಳಲು ಬಾಯಿ ತೆರೆದೆ. ಮಾವ ನನ್ನ ಭುಜ ಒತ್ತಿದರು.

"ಹೆಸರು ಬೇಡ. ಮೊಳೆ ಸರಿ ಕೂತಿತಲ್ಲ, ಸಾಕು."

ಅವರು ಚಪ್ಪಲಿ ಮೆಟ್ಟುವಾಗ ನಾನು ತಿರುಗಿ ನೋಡಿದೆ. ಮುಂತುದಿಯ ಆ ಸಾಲು ಮಾತ್ರ, ಈಗಷ್ಟೇ ನೀರಿಗಿಳಿದಂತೆ, ಇನ್ನೂ ತೂಗುತ್ತಿತ್ತು.