ಹೊನ್ನಾಳಿಯ ಪ್ರಿಂಟರ್ ಸರದಿ

ಮೊನ್ನೆ ನ್ಯಾಮತಿಯ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯಾಕೆ ಪ್ರಿಂಟ್ ಕೊಟ್ಟರು, ಹಾಳೆ ಬರಲಿಲ್ಲ. "ಇನ್ನೊಂದ್ಸಲ ಕೊಡ್ತೀನಿ, ತಡೀರಿ" ಎಂದರು. "ಬ್ಯಾಡಮ್ಮಾ!" ಎಂದು ನಾನು ಕೂಗಿದ್ದಕ್ಕೆ ಬೆಚ್ಚಿಬಿದ್ದರು. ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು, ಪಾಪ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿ, ಹೊನ್ನಾಳಿ, ಜಗಳೂರು ಎಂದು ಬಸ್ಸಿನಲ್ಲಿ ಅಲೆಯುತ್ತ ಕಚೇರಿಗಳಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಜನ ಇಂಜಿನಿಯರ್ ಸಾಹೇಬ್ರು ಎನ್ನುತ್ತಿದ್ದರು. ಸಾಹೇಬರ ಚೀಲದಲ್ಲಿದ್ದದ್ದು ಸ್ಕ್ರೂಡ್ರೈವರ್ ಮತ್ತು ಟವೆಲ್. ಹೊನ್ನಾಳಿಯ ಸಹಕಾರಿ ಸಂಘವೊಂದರಲ್ಲಿ ಕಂಪ್ಯೂಟರ್ ಒಂದು ಕೋಣೆಯಲ್ಲಿ, ಗದ್ದಲದ ಪ್ರಿಂಟರ್ ಇನ್ನೊಂದರಲ್ಲಿ, ನಡುವೆ ಗೋಡೆ ಕೊರೆದು ಎಳೆದ ತಂತಿ. ಆಪರೇಟರ್ ಕೋಟ್ರೇಶಪ್ಪ ತೋಟದ ಮನುಷ್ಯ. ಮಧ್ಯಾಹ್ನ ಪ್ರಿಂಟರಿನ ಮೈ ಮುಟ್ಟಿ ನೋಡಿ, "ಪಂಪ್‌ಸೆಟ್ ಮೋಟ್ರು ಕಾದಂಗೆ ಕಾದೈತೆ, ಸ್ವಲ್ಪ ಆರ್ಲಿ" ಎಂದು ಸ್ವಿಚ್ ಆರಿಸುವರು. ಆಗ ಯಾರಾದರೂ ಪ್ರಿಂಟ್ ಕೊಟ್ಟರೆ ಮುಗಿಯಿತು. ಪ್ರಿಂಟರಿನಿಂದ ಉತ್ತರ ಸಿಗದ ಕಂಪ್ಯೂಟರ್, ಕಾದು ನಿಂತ ಪ್ರಿಂಟುಗಳ ಇಡೀ ಸರದಿಯನ್ನೇ ನಿಲ್ಲಿಸುತ್ತಿತ್ತು. ಆಮೇಲೆ ಸ್ವಿಚ್ ಹಾಕಿದರೂ, ಕಂಪ್ಯೂಟರಿಗೆ ಆಜ್ಞೆ ಕೊಟ್ಟು ಸರದಿ ಬಿಡಿಸುವ ತನಕ ಒಂದಕ್ಷರ ಬಾರದು. ಕೋಟ್ರೇಶಪ್ಪ ಮಾತ್ರ ಪಕ್ಕದ ಕೋಣೆಯಲ್ಲಿ ಕೂತು ಅದೇ ಪಟ್ಟಿಯನ್ನು ಮತ್ತೆ ಮತ್ತೆ ಪ್ರಿಂಟಿಗೆ ಕೊಡುವರು. ನಾನು ಬಂದು ಬಿಡಿಸಿದರೆ ಒಂದೇ ಪಟ್ಟಿ ಮೇಲಿಂದ ಮೇಲೆ ಬರುತ್ತಿತ್ತು, ಇಬ್ಬರೂ ನಗುತ್ತಿದ್ದೆವು.

ಒಂದು ಸಲ ಹೋದಾಗ ಅವರ ಕುರ್ಚಿ ಖಾಲಿ. "ಎದೆನೋವು ಬಂದು ಹೋಗ್ಬಿಟ್ರು ಸಾರ್" ಎಂದರು ಮ್ಯಾನೇಜರು. ಬೆಂಚಿನ ಮೇಲೆ ಅವರ ಹೆಂಡತಿ ಗೌರಮ್ಮ ಕೂತಿದ್ದರು. ಗಂಡನ ಜಾಗದಲ್ಲಿ ಕೆಲಸ ಸಿಗಬೇಕಾದರೆ ಅವರ ಸೇವಾ ವಿವರ ಅಂದೇ ಸಂಜೆಯೊಳಗೆ ದಾವಣಗೆರೆಯ ಕಚೇರಿ ಮುಟ್ಟಬೇಕಿತ್ತು. ಮ್ಯಾನೇಜರು ಪ್ರಿಂಟ್ ಕೊಟ್ಟಿದ್ದರು, ಬಂದಿರಲಿಲ್ಲ.

ಸರದಿ ಬಿಡಿಸಿದೆ. ಪ್ರತಿ ಪ್ರಿಂಟಿನ ಮುಂದೆ, ಅದನ್ನು ಕಳಿಸಿದವರ ಹೆಸರನ್ನು ಒಂದು ಹಾಳೆ ತುಂಬ ದಪ್ಪಕ್ಷರದಲ್ಲಿ ಹೊಡೆಯುವುದು ಯುನಿಕ್ಸ್ ಪದ್ಧತಿ. ಗೌರಮ್ಮ ಎದ್ದು ಬಂದರು.

"ಇದು ನಮ್ಮೋರ ಹೆಸ್ರಲ್ರೀ?"

ಕೊನೆಯ ದಿನವೂ ಕೊಟ್ಟದ್ದನ್ನೇ ಕೊಟ್ಟಿದ್ದರು, ಪುಣ್ಯಾತ್ಮ. ಪಟ್ಟಿ ಮುಗಿಯಿತು, ಮತ್ತೆ ಅದೇ ಹೆಸರು ಬಂತು. ಗೌರಮ್ಮನ ಕಾಗದ ಎಲ್ಲಕ್ಕಿಂತ ಹಿಂದೆ ಇತ್ತು.

"ಅವ್ರು ಕೊಟ್ಟಿದ್ದನ್ನೆಲ್ಲ ಅಳಿಸಿದ್ರೆ ನಿಮ್ದು ಈಗ್ಲೇ ಬರ್ತೈತೆ, ತಾಯಿ. ಇಲ್ಲಾಂದ್ರೆ ಬಸ್ಸು ತಪ್ತೈತೆ."

"ಇನ್ನೊಂದು ಬರ್ಲಿ ಸಾರ್."

ಬಂತು.

"ಇನ್ನೊಂದೇ."

ಅದೂ ಬಂತು. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ದಾವಣಗೆರೆ, ದಾವಣಗೆರೆ ಎಂದು ಕೂಗತೊಡಗಿದ. ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಳ್ಸಿಬಿಡ್ರಿ. ಮಕ್ಕಳು ಅದಾವೆ."

ಅಳಿಸಿದೆ. ಅವರ ಕಾಗದ ಬಂತು, ಬಸ್ಸು ಸಿಕ್ಕಿತು, ಮುಂದೆ ಕೆಲಸವೂ ಸಿಕ್ಕಿತು. ಮಾಡಿದ್ದು ಸರಿಯೇ, ನೋಡಿ. ಆದರೂ ತೀರಿಕೊಂಡ ಗೆಳೆಯರ ನಂಬರುಗಳು ನನ್ನ ಮೊಬೈಲಿನಲ್ಲಿ ಹಾಗೇ ಇವೆ. ಮಗಳು ತೆಗೆಯಪ್ಪಾ ಎಂದು ಬೈಯುತ್ತಾಳೆ. ನನಗೆ ಕೈ ಬರುವುದಿಲ್ಲ.